ತಂಬೂರಿಯ ಹಿಂದೆ ಇನ್ನೊಂದು ತಂಬೂರಿ

"ತಂಬೂರಿ ಹಿಂದ ಇನ್ನೊಂದು ತಂಬೂರಿ ಕೂತದ ನೋಡು. ಅದರ ಶ್ರುತಿ ಬರೋಬರಿ ಇಲ್ಲ."

ಧಾರವಾಡದ ಮಾಳಮಡ್ಡಿಯಿಂದ ನನ್ನ ಸೋದರಮಾವ ಫೋನಿನಲ್ಲಿ ಹೇಳಿದ ದೂರು ಇಷ್ಟೇ. ಹಾಡು ಕೇಳುವಾಗ ಸ್ಪೀಕರಿನಲ್ಲಿ ಹಿಂದೆ ಒಂದು ಗುಂಯ್ ಸದ್ದು. ಅವರಿಗೆ 72 ವರ್ಷ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಪೂರ್ತಿ ಸಮಯ ಹಿಂದೂಸ್ತಾನಿ ಸಂಗೀತಕ್ಕೇ ಮೀಸಲು. ರೇಡಿಯೋ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ತುಂಬಿದ ಕ್ಯಾಸೆಟ್‌ಗಳನ್ನೆಲ್ಲ ತಾವೇ ಕೂತು ಕಂಪ್ಯೂಟರಿಗೆ ಇಳಿಸಿದ್ದಾರೆ. ಜೊತೆಗೆ ಸಿಡಿಗಳಿಂದ ತೆಗೆದ ಫೈಲುಗಳಿವೆ. ಉಳಿದದ್ದು ಮೊಮ್ಮಗ ಇಂಟರ್ನೆಟ್‌ನಿಂದ ಇಳಿಸಿಕೊಟ್ಟದ್ದು.

ಸಾಮಾನು ಹೀಗಿತ್ತು: ಒಂದು ವಿಂಡೋಸ್ ಲ್ಯಾಪ್‌ಟಾಪ್, ಮೂವತ್ತು ವರ್ಷ ಹಳೆಯ ಎರಡು ಪಿನ್ನಿನ ಆಂಪ್ಲಿಫೈಯರ್, ಒಂದು ಜೊತೆ ಮಧ್ಯಮ ಗಾತ್ರದ ಸ್ಪೀಕರ್. ಆರು ತಿಂಗಳ ಹಿಂದೆ ಇದೇ ಗುಂಯ್ ಸದ್ದಿನ ಸಲುವಾಗಿ ಒಂದು ಅಂಗಡಿಗೆ ಹೋಗಿದ್ದರಂತೆ. ಅಲ್ಲಿ ಒಂದು ಡ್ಯಾಕ್ ಕೊಟ್ಟರು. ಅಂದರೆ ಫೈಲಿನ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾಡುವ ಡಬ್ಬಿ. ಅದರ ಜೊತೆ ಹೆಬ್ಬೆರಳು ದಪ್ಪದ ಒಂದು ಯುಎಸ್‌ಬಿ ಕೇಬಲ್. ಎಲ್ಲ ಸೇರಿ 26 ಸಾವಿರ ರೂಪಾಯಿ. ಮನೆಗೆ ತಂದು ಜೋಡಿಸಿದರು. ಗುಂಯ್ ಅಲ್ಲಾಡಲಿಲ್ಲ.

"ಮಾಮಾ, ಹಾಡು ನಿಲ್ಲಿಸಿ. ಪಾಸ್ ಒತ್ತಿ. ಈಗಲೂ ಕೇಳ್ತಿದೆಯಾ?"

"ಕೇಳಸ್ತದ."

"ಲ್ಯಾಪ್‌ಟಾಪಿನ ವಾಲ್ಯೂಮ್ ಸೊನ್ನೆ ಮಾಡಿ."

"ಅಷ್ಟs ಅದ."

ಇಲ್ಲಿಗೆ ಅರ್ಧ ಕೆಲಸ ಮುಗಿದಿತ್ತು. ಹಾಡು ನಿಂತರೂ ಸದ್ದು ನಿಲ್ಲದಿದ್ದರೆ ಫೈಲು ತಪ್ಪಿತಸ್ಥ ಅಲ್ಲ, ಪ್ಲೇಯರ್ ಸಾಫ್ಟ್‌ವೇರೂ ಅಲ್ಲ. ಕರೆಂಟು ಎಲ್ಲಿಂದಲೋ ಒಳಗೆ ಬರುತ್ತಿದೆ. ಈ ಒಂದು ಪರೀಕ್ಷೆಗೆ ಕಾಸು ಖರ್ಚಿಲ್ಲ. ಅಂಗಡಿಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ ಅನ್ನುವುದೇ ನನಗೆ ಸಿಟ್ಟು.

ಮುಂದಿನ ಶನಿವಾರ ಹೋದೆ. ಲ್ಯಾಪ್‌ಟಾಪಿನ ಲೋಹದ ಅಂಚಿನ ಮೇಲೆ ಮುಂಗೈ ಇಟ್ಟೆ. ಜುಮ್ ಅಂತು. ಇರುವೆ ಹರಿದಂಥ ಆ ಸಣ್ಣ ಜುಮ್ಮು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ದಿನನಿತ್ಯದ ಮಾತು. "ಚಾರ್ಜಿಗೆ ಹಾಕಿದಾಗ ಹಂಗs" ಅಂತ ಎಲ್ಲರೂ ಸುಮ್ನೆ ಇರುತ್ತಾರೆ. ನಾನು ಚಾರ್ಜರಿನ ವೈರು ಕಿತ್ತೆ. ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ನಡೆಯಿತು. ಸ್ಪೀಕರ್ ಒಮ್ಮೆಲೇ ಮೌನ. ಅಡುಗೆಮನೆಯಲ್ಲಿ ಅತ್ತೆ ಬೆಳ್ಳುಳ್ಳಿ ಜಜ್ಜುವ ಸದ್ದು ಕೇಳಿಸಿತು.

ಚಾರ್ಜರ್ ಮತ್ತೆ ಹಾಕಿದೆ. ಗುಂಯ್ ಬಂತು. ಈಗ ಆಂಪ್ಲಿಫೈಯರಿನ ಹಿಂಭಾಗ ನೋಡಿದೆ. ಡ್ಯಾಕಿನ ತಂತಿಯ ಪಕ್ಕದಲ್ಲಿ ಇನ್ನೊಂದು ತಂತಿ ಇತ್ತು, ಟಿವಿಯ ಸೆಟ್‌ಟಾಪ್ ಬಾಕ್ಸಿನಿಂದ ಬಂದದ್ದು. ಸಂಜೆ ಸೀರಿಯಲ್ಲಿನ ಮಾತು ದೊಡ್ಡ ಸ್ಪೀಕರಿನಲ್ಲೇ ಕೇಳಬೇಕು ಅಂತ ಅತ್ತೆ ಹಾಕಿಸಿಕೊಂಡದ್ದು. ಸೆಟ್‌ಟಾಪ್ ಬಾಕ್ಸಿಗೆ ಬೀದಿಯಿಂದ ಬರುವ ಕೇಬಲ್ಲನ್ನು ತಿರುವಿ ಬಿಚ್ಚಿದೆ. ಚಾರ್ಜರ್ ಹಾಕಿಯೇ ಇದೆ, ಆದರೂ ಗುಂಯ್ ಮುಕ್ಕಾಲು ಪಾಲು ಹೋಯಿತು.

ಹಾಗಾದರೆ ದಾರಿ ಇದು. ಲ್ಯಾಪ್‌ಟಾಪಿನ ಅಡಾಪ್ಟರ್ ಒಳಗೆ ರೇಡಿಯೋ ಗದ್ದಲ ತಡೆಯಲು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅವು ಮೇನ್ಸ್ ಕರೆಂಟಿನ ಒಂದು ಚೂರನ್ನು ಸೋರಿಸುತ್ತವೆ. ಆ ಚೂರು ಅರ್ಥ್ ಪಿನ್ನಿನ ಮೂಲಕ ನೆಲಕ್ಕೆ ಹೋಗಬೇಕು. ಅರ್ಥ್ ಸಿಗದಿದ್ದರೆ ಲ್ಯಾಪ್‌ಟಾಪಿನ ಮೈಯಲ್ಲೇ ನಿಂತು ಬೇರೆ ದಾರಿ ಹುಡುಕುತ್ತದೆ. ಇಲ್ಲಿ ಅದಕ್ಕೆ ಸಿಕ್ಕಿದ ದಾರಿ ಬಲು ಸುತ್ತು: ಯುಎಸ್‌ಬಿ ಕೇಬಲ್, ಡ್ಯಾಕ್, ಆಡಿಯೋ ತಂತಿಯ ಹೊರಹೊದಿಕೆ, ಆಂಪ್ಲಿಫೈಯರ್, ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಬೀದಿ ಕಂಬದ ಕೇಬಲ್. ಹಾಡು ಹರಿಯುವ ತಂತಿಯಲ್ಲೇ ಕರೆಂಟೂ ಹರಿಯುತ್ತಿತ್ತು. ದಪ್ಪ ಕೇಬಲ್ ಹಾಕಿದ್ದರಿಂದ ಆದದ್ದು ಇಷ್ಟೇ: ಅದಕ್ಕೆ ಹರಿಯಲು ದಾರಿ ಇನ್ನಷ್ಟು ಸಲೀಸಾಯಿತು.

ಎಲೆಕ್ಟ್ರಿಶಿಯನ್ ಬಂದು ಸಾಕೆಟ್ ಬಿಚ್ಚಿದ. ಮೂರು ತೂತು, ಎರಡೇ ವೈರು. ಅರ್ಥಿನ ಹಸಿರು ವೈರು ಗೋಡೆಯೊಳಗೆ ಮುದುಡಿಕೊಂಡು ಕೂತಿತ್ತು, ತುದಿಗೆ ಕಪ್ಪು ಟೇಪ್ ಸುತ್ತಿ. ಯಾರು, ಯಾವಾಗ ಸುತ್ತಿದರೋ. ಲ್ಯಾಪ್‌ಟಾಪಿನ ಮೈಗೂ ನಲ್ಲಿಯ ಪೈಪಿಗೂ ಮಲ್ಟಿಮೀಟರ್ ಹಿಡಿದರೆ 97 ವೋಲ್ಟ್. ಹೆದರಬೇಡಿ, ಅದರ ಹಿಂದಿರುವ ಕರೆಂಟು ಮಿಲಿಆಂಪಿಯರಿನ ಸಣ್ಣ ಪಾಲು. ಹಸಿರು ವೈರು ಕೂಡಿಸಿ, ಹಿತ್ತಲಿನ ಅರ್ಥ್ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದ ಮೇಲೆ ಅದು ಒಂದು ವೋಲ್ಟಿಗೂ ಕೆಳಗಿಳಿಯಿತು. ಜುಮ್ಮು ಹೋಯಿತು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಜನ ಇದ್ದಾರೆ. ಕೆಲವು ಸಲ ಗುಂಯ್ ಹೋಗುತ್ತದೆ ಕೂಡ. ಆಮೇಲೊಂದು ದಿನ ಒಳಗಿನ ವೈರು ಸಡಿಲಾಗಿ ಡಬ್ಬಿಗೆ ತಗುಲಿದರೆ ಜೀವವೂ ಹೋಗುತ್ತದೆ. ಅದನ್ನು ಮಾತ್ರ ಮಾಡಬೇಡಿ.

ಅರ್ಥ್ ಸರಿಯಾದರೂ ಟಿವಿ ಕೇಬಲ್ ತಿರುಗಿ ಹಾಕಿದಾಗ ಸಣ್ಣ ಗುಂಯ್ ಉಳಿದಿತ್ತು. ಈಗ ನೆಲಕ್ಕೆ ಎರಡು ಕಡೆ ಗಂಟು ಬಿದ್ದಿತ್ತಲ್ಲ, ಮನೆಯ ಅರ್ಥ್ ಒಂದು, ಬೀದಿಯ ಕೇಬಲ್ ಇನ್ನೊಂದು. ಎರಡರ ನಡುವಿನ ಚೂರು ವ್ಯತ್ಯಾಸವೂ ಆಡಿಯೋ ತಂತಿಯ ಮೇಲೇ ಓಡಾಡುತ್ತಿತ್ತು. ಸೀರಿಯಲ್ ಬಿಡಿ ಅನ್ನುವ ಧೈರ್ಯ ನನಗಾಗಲಿ ಮಾಮಾಗಾಗಲಿ ಇರಲಿಲ್ಲ. ಆಗ ಡ್ಯಾಕಿನ ಹಿಂದೆ ಒಂದು ಚೌಕದ ತೂತು ಕಂಡಿತು, ಆಪ್ಟಿಕಲ್ ಇನ್‌ಪುಟ್. ತೋಶಿಬಾ ಕಂಪನಿ 1983ರಲ್ಲಿ ತಂದ ವ್ಯವಸ್ಥೆ ಅದು. ಅದರಲ್ಲಿ ಹರಿಯುವುದು ಕೆಂಪು ಬೆಳಕು. ತಾಮ್ರದ ಸಂಬಂಧವೇ ಇಲ್ಲ, ಹಾಗಾಗಿ ಕರೆಂಟು ದಾಟಲಾರದು. ಟಿವಿಯ ಆಪ್ಟಿಕಲ್ ಔಟಿನಿಂದ ಡ್ಯಾಕಿಗೆ ಒಂದು ಕೇಬಲ್ ಹಾಕಿ, ಸೆಟ್‌ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರಿಗೆ ಬರುತ್ತಿದ್ದ ತಂತಿ ಕಿತ್ತುಹಾಕಿದೆ. ಮೌನ. ಅಂಗಡಿಯವರು ಯಾವ ಕಾರಣ ಹೇಳಿ ಡ್ಯಾಕ್ ಮಾರಿದ್ದರೋ ಅದಕ್ಕೆ ಅದು ಉಪಯೋಗವಾಗಲಿಲ್ಲ. ಅವರು ಹೇಳದೆ ಬಿಟ್ಟ ತೂತು ಕೆಲಸಕ್ಕೆ ಬಂತು.

ಇಷ್ಟಾದ ಮೇಲೂ ಮಾಮಾ ಅಂದ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಗುಂಯ್ ಅನ್ನುವುದು ಎಲ್ಲರೂ ಹೇಳುವ ಮಾತು. ಇನ್ನೊಂದು ತಂಬೂರಿ, ಶ್ರುತಿ ಸರಿಯಿಲ್ಲ ಅಂತ ಯಾರು ಹೇಳುತ್ತಾರೆ? ರಿಪೇರಿಗೆ ಮೊದಲು ಆ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ರಾತ್ರಿ ಅದನ್ನು ಆಡಾಸಿಟಿಯಲ್ಲಿ ತೆರೆದೆ. ಉಚಿತ ಸಾಫ್ಟ್‌ವೇರ್ ಅದು, ಅದರ 'ಪ್ಲಾಟ್ ಸ್ಪೆಕ್ಟ್ರಮ್' ಯಾವ ಕಂಪನದಲ್ಲಿ ಎಷ್ಟು ಸದ್ದಿದೆ ಅಂತ ಗೆರೆ ಎಳೆದು ತೋರಿಸುತ್ತದೆ. ಒಂದು ಸಲಕ್ಕೆ ಎಷ್ಟು ಅಂಕಿ ಹಿಡಿದು ಲೆಕ್ಕ ಹಾಕಬೇಕು ಅನ್ನುವುದು ಅದರ 'ಸೈಜ್'. ಅದು 2048 ಇದ್ದರೆ ಗೆರೆಯ ಒಂದೊಂದು ಮೆಟ್ಟಿಲು 21 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ ಅನ್ನುವ ಅಳತೆ) ಅಗಲ, ಏನೂ ತಿಳಿಯುವುದಿಲ್ಲ. 16384 ಮಾಡಿದೆ. ಮೆಟ್ಟಿಲು 2.7 ಹರ್ಟ್ಸಿಗೆ ಇಳಿಯಿತು. 50ರಲ್ಲಿ ಸಣ್ಣ ಮೊನೆ, 100ರಲ್ಲಿ ಎತ್ತರದ ಮೊನೆ. 50 ನಮ್ಮ ಮೇನ್ಸ್ ಕರೆಂಟಿನದು, 100 ಅದರ ಇಮ್ಮಡಿ. ಅಷ್ಟು ದೊಡ್ಡದಲ್ಲದ ಸ್ಪೀಕರು 50ನ್ನು ಸರಿಯಾಗಿ ನುಡಿಸಲಾರದು, 100ನ್ನು ಚೆನ್ನಾಗಿಯೇ ನುಡಿಸುತ್ತದೆ.

ಈಗ ತಂಬೂರಿಗೆ ಬನ್ನಿ. ಅವತ್ತು ಮಾಮಾ ಕೇಳುತ್ತಿದ್ದದ್ದು ಕಾಳಿ ಏಕ್, ಅಂದರೆ ಹಾರ್ಮೋನಿಯಮ್ಮಿನ ಕಪ್ಪು ಒಂದರ (ಮೊದಲ ಕಪ್ಪು ಕೀಲಿಯ) ಶ್ರುತಿಗೆ ಹಾಡಿದ ಗಂಡುದನಿಯ ಹಾಡು. ತಂಬೂರಿಯ ನಡುವಿನ ಜೋಡಿ ತಂತಿಗಳ ಷಡ್ಜ, ಅಂದರೆ 'ಸ', ಸುಮಾರು 138.6 ಹರ್ಟ್ಸ್. ಮೊದಲ ತಂತಿಯ ಮಂದ್ರ ಪಂಚಮ (ಆ 'ಸ'ದ ಕೆಳಗಿನ 'ಪ') ಅದರ ಮುಕ್ಕಾಲು, ಅಂದರೆ 103.9. ಪಕ್ಕದಲ್ಲೇ 100ರ ಗುಂಯ್. ಎರಡು ಸದ್ದು ಇಷ್ಟು ಹತ್ತಿರ ಇದ್ದರೆ ಒಂದನ್ನೊಂದು ತಾಕಿ ಸೆಕೆಂಡಿಗೆ ಸುಮಾರು ನಾಲ್ಕು ಸಲ ಏರಿ ಇಳಿಯುತ್ತವೆ. ತಂಬೂರಿ ಶ್ರುತಿ ಮಾಡುವಾಗ ಮಣಿ ಜರುಗಿಸುತ್ತ ಹುಡುಕುವುದು ಇದೇ ತೊನೆತವನ್ನು, ಅದು ಅಡಗುವ ತನಕ. ಪಂಚಮ ಮೀಟಿದಾಗಲೆಲ್ಲ ವೌಂ ವೌಂ ಅಂತ ತೊನೆಯುತ್ತಿತ್ತು. ಮಾಮಾ ಉಪಮೆ ಹೇಳಿರಲಿಲ್ಲ. ಕೇಳಿದ್ದನ್ನೇ ಹೇಳಿದ್ದರು.

ಭಾನುವಾರ ಬೆಳಿಗ್ಗೆ ಸಾಫ್ಟ್‌ವೇರಿನ ಕಡೆ ಬಂದೆ. ಒಂದು ಆಲಾಪ ಹಾಕಿದೆ. ಗಾಯಕರು ಉಸಿರು ತೆಗೆದುಕೊಂಡಾಗ ತಂಬೂರಿ ಉಬ್ಬಿ ಮುಂದೆ ಬರುತ್ತಿತ್ತು. ದನಿ ಬಂದ ಕೂಡಲೇ ಹಿಂದೆ ಸರಿಯುತ್ತಿತ್ತು. ಯಾರೋ ಪಕ್ಕದಲ್ಲಿ ಕೂತು ವಾಲ್ಯೂಮ್ ತಿರುವುತ್ತಿದ್ದ ಹಾಗೆ. ಹೌದು, ತಿರುವುತ್ತಿತ್ತು. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ 'ಎನ್‌ಹ್ಯಾನ್ಸ್‌ಮೆಂಟ್ಸ್' ಅನ್ನುವಲ್ಲಿ 'ಲೌಡ್‌ನೆಸ್ ಈಕ್ವಲೈಸೇಶನ್' ಟಿಕ್ ಆಗಿತ್ತು. ಮೆಲ್ಲಗಿನದನ್ನು ಎತ್ತು, ಜೋರಿನದನ್ನು ತಗ್ಗಿಸು, ಇದು ಅದರ ಕೆಲಸ. ಸಿನಿಮಾ ಮಾತಿಗೆ ಸರಿ. ಖಯಾಲ್ ಗಾಯನಕ್ಕೆ ಕೊಲೆ. ಟಿಕ್ ತೆಗೆದೆ. ನನ್ನ ಲೆಕ್ಕದಲ್ಲಿ ಇಡೀ ಮನೆಯಲ್ಲಿ ಸಾಫ್ಟ್‌ವೇರಿನಿಂದ ಆದ ನಿಜವಾದ ಸುಧಾರಣೆ ಇದೊಂದೇ.

ಅಲ್ಲೇ ಇನ್ನೊಂದು ಜಾಗದಲ್ಲಿ ಔಟ್‌ಪುಟ್ 24 ಬಿಟ್, 192 ಕಿಲೋಹರ್ಟ್ಸ್ ಅಂತ ಇಟ್ಟಿದ್ದರು. ದೊಡ್ಡ ಅಂಕಿ ಇದ್ದರೆ ಒಳ್ಳೇದು ಅಂತ. ಸಿಡಿಯ ದರ 44.1, ಅಂದರೆ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದ ಅಂಕಿಗಳು. ಫಿಲಿಪ್ಸ್ ಮತ್ತು ಸೋನಿ 1980ರಲ್ಲೇ ಗೊತ್ತು ಮಾಡಿದ್ದು. ಆ ಫೈಲನ್ನು 192ಕ್ಕೆ ಏರಿಸಿದರೆ ನಡುವಿನ ಅಂಕಿಗಳನ್ನು ವಿಂಡೋಸ್ ಲೆಕ್ಕ ಹಾಕಿ ತುಂಬುತ್ತದೆ. ಹೊಸ ಸಂಗೀತ ಎಲ್ಲಿಂದ ಬರಬೇಕು? ಹಾಗಂತ ಅದರಿಂದ ಸದ್ದು ಕೆಟ್ಟಿತ್ತು ಅಂತಲೂ ನಾನು ಹೇಳುವುದಿಲ್ಲ. ನನಗಂತೂ ವ್ಯತ್ಯಾಸ ಕೇಳಿಸಲಿಲ್ಲ. ಆದರೂ ಫೂಬಾರ್2000 ಪ್ಲೇಯರ್ ಹಾಕಿ, ಔಟ್‌ಪುಟ್ ಪಟ್ಟಿಯಲ್ಲಿ ಡ್ಯಾಕಿನ ಹೆಸರಿನ ಮುಂದೆ 'ಎಕ್ಸ್‌ಕ್ಲೂಸಿವ್' ಅಂತ ಇರುವುದನ್ನು ಆರಿಸಿದೆ. ಆಗ ವಿಂಡೋಸಿನ ಮಿಕ್ಸರ್ ನಡುವೆ ಬರುವುದಿಲ್ಲ. ಸಿಡಿಯ ಫೈಲಾದರೆ 44.1ರಲ್ಲೇ ಹೋಗುತ್ತದೆ, ಮಿಕ್ಕವು ತಮ್ಮ ತಮ್ಮ ದರದಲ್ಲಿ. ಮಾಮಾಗೆ ಇದರಲ್ಲಿ ಹಿಡಿಸಿದ್ದು ಬೇರೆಯೇ. ಬೇರೆ ಯಾವ ಆಪಿನ ಸದ್ದೂ ನಡುವೆ ನುಗ್ಗುವಂತಿಲ್ಲ. ನಿಧಾನ ಲಯದ ವಿಲಂಬಿತದಲ್ಲಿ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬರುವ ಹೊತ್ತಿಗೆ ವಾಟ್ಸಾಪಿನ 'ಟಿಣ್' ಇನ್ನಿಲ್ಲ.

ವಾಲ್ಯೂಮನ್ನೂ ತಿರುಗುಮುರುಗು ಇಟ್ಟಿದ್ದರು. ಲ್ಯಾಪ್‌ಟಾಪಿನಲ್ಲಿ 30, ಆಂಪ್ಲಿಫೈಯರಿನಲ್ಲಿ ಮುಕ್ಕಾಲು ಸುತ್ತು. ಹೀಗೆ ಮಾಡಿದರೆ ಹಾಡು ಬರುವುದು ಮೆಲ್ಲಗೆ, ಆಂಪ್ಲಿಫೈಯರ್ ತನಗೆ ಬರುವ 'ಹಿಸ್' ಅನ್ನುವ ಸದ್ದನ್ನೂ ಸೇರಿಸಿ ಎತ್ತುತ್ತದೆ. ಲ್ಯಾಪ್‌ಟಾಪ್ 100 ಮಾಡಿ ಆಂಪ್ಲಿಫೈಯರ್ ಇಳಿಸಿದೆ. ಮುಗಿಯಿತು.

ಫೈಲುಗಳ ವಿಷಯ ಸ್ವಲ್ಪ ಸೂಕ್ಷ್ಮ, ಯಾಕೆಂದರೆ ಮೊಮ್ಮಗನ ಮಾನದ ಪ್ರಶ್ನೆ. ಅವನು ಇಳಿಸಿದವುಗಳಲ್ಲಿ ತುಂಬ ಫೈಲುಗಳ ಹೆಸರಿನ ಕೊನೆಗೆ ಫ್ಲ್ಯಾಕ್ ಅಂತ ಇತ್ತು. ಅಂದರೆ ಒಂದು ಚೂರೂ ಕಳೆದುಕೊಳ್ಳದೆ ಮಡಚಿಟ್ಟದ್ದು. ಸದ್ದಿನ ಏರಿಳಿತವನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಡಿದರೆ 16 ಕಿಲೋಹರ್ಟ್ಸಿನಲ್ಲಿ ಕತ್ತಿಯಿಂದ ಕಡಿದ ಹಾಗೆ ಖಾಲಿ. ಫೈಲು ಚಿಕ್ಕದಾಗಲಿ ಅಂತ ಸದ್ದಿನ ಒಂದಷ್ಟನ್ನು ಕತ್ತರಿಸಿದ ಕಡಿಮೆ ಬಿಟ್‌ರೇಟಿನ ಎಂಪಿ3 ಅಥವಾ ವಿಡಿಯೋದ ಆಡಿಯೋವನ್ನು ಯಾರೋ ಫ್ಲ್ಯಾಕ್ ಅಂಗಿ ತೊಡಿಸಿ ಇಟ್ಟಿದ್ದರು. ಆದರೆ ಈ ಪರೀಕ್ಷೆಯನ್ನು ಕುರುಡಾಗಿ ನಂಬಬಾರದು. ಹಳೆಯ ಕ್ಯಾಸೆಟ್ಟಿನಲ್ಲಿ, ರೇಡಿಯೋ ರೆಕಾರ್ಡಿಂಗಿನಲ್ಲಿ ಅಷ್ಟು ಎತ್ತರದ ಸದ್ದು ಮೊದಲೇ ಇರುವುದಿಲ್ಲ. ಅಲ್ಲಿ ಅಂಚು ಇಳಿಜಾರಿನ ಹಾಗೆ ಮೆಲ್ಲಗೆ ಕರಗುತ್ತದೆ. ನೆಟ್ಟಗೆ ಗೋಡೆಯ ಹಾಗೆ ನಿಂತಿದ್ದರೆ ಮಾತ್ರ ಅನುಮಾನ ಪಡಬೇಕು.

ಮಾಮಾ ಎಷ್ಟು ಎತ್ತರದ ಸದ್ದು ಕೇಳಬಲ್ಲರು ಅಂತಲೂ ನೋಡಿದೆ. ಕಂಪ್ಯೂಟರಿನಿಂದ ಒಂದೇ ಸ್ವರವನ್ನು ಏರಿಸುತ್ತ ಹೋದೆ. 8 ಕಿಲೋಹರ್ಟ್ಸ್ ದಾಟಿದ ಸ್ವಲ್ಪ ಹೊತ್ತಿಗೆ "ಬಂದ್ ಆತು" ಅಂದರು. ಆ ವಯಸ್ಸಿಗೆ ಅದು ಸಹಜ. ಆಮೇಲೆ ಅವರದೇ ಸಿಡಿಯಿಂದ ತೆಗೆದ ಫ್ಲ್ಯಾಕ್ ಫೈಲು, ಅದರಿಂದ ನಾನು ಮಾಡಿದ ಹೆಚ್ಚು ಬಿಟ್‌ರೇಟಿನ, ಅಂದರೆ 320ರ ಎಂಪಿ3, ಎರಡನ್ನೂ ಹೆಸರು ಮುಚ್ಚಿ ಕೇಳಿಸಿದೆ. 16 ಸಲದಲ್ಲಿ 9 ಸಲ ಸರಿ ಹೇಳಿದರು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ನನಗೆ 8 ಬಂತು, ನಾನು 30 ವರ್ಷ ಚಿಕ್ಕವನು. ಹೀಗೆ ನೋಡುವಾಗ ಎರಡರ ವಾಲ್ಯೂಮ್ ಒಂದೇ ಇರಬೇಕು. ಒಂದು ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನೇ 'ಚಂದ' ಅನ್ನುತ್ತದೆ. ಅಂಗಡಿಗಳಲ್ಲಿ ದುಬಾರಿ ಡಬ್ಬಿ ಗೆಲ್ಲುವುದು ಬಹಳ ಸಲ ಹೀಗೇ.

ಕೋಣೆಗೆ ಬಂದಾಗ ಮಾಮಾಗೆ ಬೇಸರ ಬಂದಿತ್ತು. ಸ್ಪೀಕರ್‌ಗಳನ್ನು ಗೋಡೆಯ ಗೂಡಿನೊಳಗೆ ತುರುಕಿದ್ದರು. ಮೂರು ಕಡೆ ಗೋಡೆ ಇದ್ದರೆ ತಗ್ಗು ಸ್ವರ ಉಬ್ಬುತ್ತದೆ, ದನಿ ಕೊಡದೊಳಗಿಂದ ಬಂದ ಹಾಗಾಗುತ್ತದೆ. ಹೊರಗೆ ತೆಗೆದು, ಗೋಡೆಯಿಂದ ಎರಡಡಿ ಮುಂದೆ, ಎರಡು ಸ್ಟೂಲಿನ ಮೇಲೆ ಇಟ್ಟೆವು. ನೆಲಕ್ಕೆ ಶಹಾಬಾದಿ ಕಲ್ಲು. ಚಪ್ಪಾಳೆ ತಟ್ಟಿದರೆ 'ಟರ್ರ್' ಅಂತ ಬಾಲ ಬರುತ್ತಿತ್ತು. ಅತ್ತೆ ಟ್ರಂಕಿನಿಂದ ನವಲಗುಂದದ ಒಂದು ಜಮಖಾನ ತೆಗೆದುಕೊಟ್ಟರು, ಮದುವೆಗೆ ಬಂದದ್ದಂತೆ. ಅದನ್ನು ಹಾಸಿ ಕಿಟಕಿಗೆ ದಪ್ಪ ಪರದೆ ಬಿಟ್ಟ ಮೇಲೆ ಬಾಲ ಕಡಿಮೆಯಾಯಿತು.

ತಬಲಾದ ಜೊತೆಯ ಎಡಗೈ ವಾದ್ಯ ಡಗ್ಗಾ ಮಾತ್ರ ಇನ್ನೂ ಗುಮ್ಮೆನ್ನುತ್ತಿತ್ತು, ಅದೂ ಮಾಮಾ ಕೂರುವ ಜಾಗದಲ್ಲೇ ಜಾಸ್ತಿ. ಕೋಣೆ 16 ಅಡಿ ಉದ್ದ. ಅಷ್ಟು ಉದ್ದದ ಕೋಣೆಯಲ್ಲಿ ಸುಮಾರು 35 ಹರ್ಟ್ಸಿನಲ್ಲಿ ಒಂದು, 70ರಲ್ಲಿ ಇನ್ನೊಂದು ಅಲೆ ಗೋಡೆಯಿಂದ ಗೋಡೆಗೆ ನಿಂತುಬಿಡುತ್ತದೆ. 70ರ ಅಲೆ ಗೋಡೆಗಳ ಹತ್ತಿರವೂ ನಟ್ಟನಡುವೆಯೂ ಜೋರು, ಗೋಡೆಯಿಂದ ನಾಲ್ಕು ಅಡಿಯಲ್ಲಿ ತೀರ ಸಣ್ಣದು. ಮಾಮಾರ ಕುರ್ಚಿ ಹಿಂದಿನ ಗೋಡೆಗೆ ಒರಗಿತ್ತು. ಕುರ್ಚಿಯನ್ನು ಮೂರಡಿ ಮುಂದೆ ಎಳೆಯಲು ಹೇಳಿದೆ. ಅರ್ಧ ದಾರಿಯಲ್ಲೇ ಕೈ ಎತ್ತಿ "ನಿಲ್ಲಸು" ಅಂದರು. ಡಗ್ಗಾದ ಮೇಲೆ ಅಂಗೈ ಉಜ್ಜುವ ಗಮಕ ಈಗ ಬೇರೆಯಾಗಿ ಕೇಳುತ್ತಿತ್ತು. ಒಟ್ಟು ಖರ್ಚು: ಎಲೆಕ್ಟ್ರಿಶಿಯನ್ನಿಗೆ 500, ಆಪ್ಟಿಕಲ್ ಕೇಬಲ್ಲಿಗೆ 350.

ಎರಡು ವಾರದ ನಂತರ ಮತ್ತೆ ಫೋನ್ ಬಂತು. "ಗುಂಯ್ ಮತ್ತ ಬಂತು ನೋಡು. ಆದ್ರ ಪಾಸ್ ಒತ್ತಿದ್ರ ನಿಲ್ತದ."

ಹಾಗಿದ್ದರೆ ಈ ಗುಂಯ್ ಫೈಲಿನೊಳಗೇ ಇದೆ. ಕಳಿಸಿಕೊಟ್ಟರು. 80ರ ದಶಕದ ಒಂದು ಕಛೇರಿಯ ರೆಕಾರ್ಡಿಂಗ್. ಕ್ಯಾಸೆಟ್ ತುಂಬುವಾಗಲೇ ಕರೆಂಟಿನ ಸದ್ದು ಅದರೊಳಗೆ ಸೇರಿತ್ತು. ಇಷ್ಟು ವರ್ಷ ಅದು ಮನೆಯ ಗುಂಯ್‌ನ ಕೆಳಗೆ ಮುಚ್ಚಿಹೋಗಿತ್ತು. ಹಾಡು ಶುರುವಾಗುವ ಮೊದಲಿನ ನಾಲ್ಕೈದು ಸೆಕೆಂಡಿನ ಮೌನವನ್ನು ಆರಿಸಿ, ಈ ಸಲ ಸೈಜ್ 65536 ಇಟ್ಟು ನೋಡಿದೆ. ಮೊನೆ 100ರಲ್ಲಿ ಇರಲಿಲ್ಲ. 104ರಲ್ಲಿ ಇತ್ತು.

ಕರೆಂಟಿನ ಗುಂಯ್ ಇರಬೇಕಾದದ್ದು 100ರಲ್ಲಿ, 104ರಲ್ಲಿ ಅಲ್ಲ. ಟೇಪ್ ಓಡಿದ ವೇಗ ತಪ್ಪಿರಬೇಕು. ಮಾಮಾ ಇಳಿಸಿಕೊಳ್ಳಲು ಬಳಸಿದ ಕ್ಯಾಸೆಟ್ ಡೆಕ್ಕು ಶೇಕಡಾ 4ರಷ್ಟು ಜೋರಾಗಿ ಓಡಿದ್ದರೆ ಲೆಕ್ಕ ಸರಿಹೋಗುತ್ತದೆ. ಆಗ ಗಾಯಕರ ಶ್ರುತಿಯೂ ಮುಕ್ಕಾಲು ಮನೆಯ ಹತ್ತಿರ ಮೇಲೇರಿರುತ್ತದೆ (ಮನೆ ಅಂದರೆ ಹಾರ್ಮೋನಿಯಮ್ಮಿನ ಒಂದು ಕೀಲಿ). ಆದರೆ ಒಂದು ತೊಡಕಿತ್ತು. ಆ ಕಾಲದ ನಮ್ಮ ವಿದ್ಯುತ್ ಗ್ರಿಡ್ 50ರಲ್ಲಿ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ, ಬೇಡಿಕೆ ಜಾಸ್ತಿಯಾದಾಗ 49ಕ್ಕೂ ಕೆಳಗೆ ಜಾರುತ್ತಿತ್ತು. ಬರೀ ಗುಂಯ್ ನಂಬಿ ಕೂರುವಂತಿಲ್ಲ. ಕಛೇರಿಯಲ್ಲಿ ಹಾರ್ಮೋನಿಯಮ್ ಇತ್ತು, ಮಾಮಾರ ಮನೆಯಲ್ಲೂ ಒಂದಿದೆ. "ಷಡ್ಜ ಯಾವ ಮನೆಗೆ ಬೀಳುತ್ತೆ, ನುಡಿಸಿ ನೋಡಿ" ಅಂದೆ. ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಬೀಳುತ್ತದಂತೆ, ಯಾವುದಕ್ಕೂ ಕೂಡುವುದಿಲ್ಲ.

ಆಡಾಸಿಟಿಯಲ್ಲಿ ವೇಗವನ್ನು ಶೇಕಡಾ 3.85 ತಗ್ಗಿಸಿ ಫೈಲು ವಾಪಸ್ ಕಳಿಸಿದೆ. ಅರ್ಧ ಗಂಟೆ ಸುದ್ದಿಯಿಲ್ಲ. ಆಮೇಲೆ ಫೋನ್ ಬಂತು, ಮಾತಿಲ್ಲ. ಹಿಂದೆ ಹಾಡು ನಡೆಯುತ್ತಿತ್ತು. ಅದರ ಮೇಲೆ ಮಾಮಾ ತಮ್ಮ ಹಾರ್ಮೋನಿಯಮ್ಮಿನ ಕಪ್ಪು ಒಂದನ್ನು ಒತ್ತಿ ಹಿಡಿದರು. ಎರಡು ಸದ್ದು ಕೂಡಿಕೊಂಡವು.

"ಇದರ ತಿದಿ ಒಂದಿಷ್ಟು ಸೋರತದ," ಅಂದರು. "ಅದನ್ನೂ ರಿಪೇರಿ ಮಾಡಸಬೇಕು."